ವೈರಿಂಗ್ ಮಾವನ ದನಿಯಲ್ಲಿ ನಾನು ಹೇಳಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮವ್ವನಿಗೆ ಕರೆಂಟು ಹೊಡೆದದ್ದರಲ್ಲಿ ಗ್ರೈಂಡರಿನ ತಪ್ಪು ಸ್ವಲ್ಪ, ನನ್ನ ತಪ್ಪು ಬಹಳ. ಗ್ರೈಂಡರು ಪಾಪ ಹಳೆಯದು, ಒಳಗೆ ಎಲ್ಲೋ ಕರೆಂಟು ಸೋರುತ್ತಿತ್ತು, ಹೇಳಿಕೊಳ್ಳಲು ಅದಕ್ಕೆ ಬಾಯಿಲ್ಲ. ನನಗೆ ಬಾಯಿತ್ತು. ಒಂದಲ್ಲ, ಹತ್ತಿಪ್ಪತ್ತು ಇದ್ದವು. ಅವುಗಳಲ್ಲಿ ಇನ್ನೊಬ್ಬರ ಬಾಯನ್ನು ಆರಿಸಿಕೊಂಡು "ಏನೂ ಆಗಕಿಲ್ಲ ಕಣವ್ವ" ಅಂತ ಹೆತ್ತವಳಿಗೆ ಹೇಳಿದವನು ನಾನು.

ನಂಜನಗೂಡಿನ ನಮ್ಮ ಬೀದಿಯಲ್ಲಿ ನಾನು ಮಿಮಿಕ್ರಿ ಮಾಡುವವನು. ಮೈಸೂರು ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ಕೂಗುವುದು, ಕಾಲೇಜಿನಲ್ಲಿ ನಮಗೆ ಪಾಠ ಹೇಳಿದವರು ಹಾಜರಿ ಪುಸ್ತಕ ನೋಡುತ್ತ ಮೂಗಿನಲ್ಲೇ ಬೈಯುವುದು, ಟಿ. ನರಸೀಪುರದ ನಮ್ಮ ಚಿಕ್ಕವ್ವ ಫೋನಿನಲ್ಲಿ ಅಳು ನಗು ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುವುದು, ಎಲ್ಲ ಮಾಡುತ್ತೇನೆ. ಮದುವೆ ಮನೆಗಳಲ್ಲಿ ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವ ನಡುವೆ ನನ್ನ ಕೈಗೆ ಮೈಕು ಕೊಡುತ್ತಾರೆ. ಎಲೆ ಹಾಸಿದ ಕೂಡಲೇ ಕಿತ್ತುಕೊಳ್ಳುತ್ತಾರೆ. ನನ್ನ ಕಲೆಯ ಬೆಲೆ ಇಷ್ಟು ಅಂತ ನನಗೂ ಗೊತ್ತು. ಹಗಲು ಹೊತ್ತು ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುತ್ತೇನೆ. ಅಲ್ಲಿ ನನಗೆ ಒಂದು ಸೆಟ್ಟು ಸ್ಕ್ರೂಡ್ರೈವರು, ಒಂದು ಟೆಸ್ಟರು, ಮತ್ತೆ ತಲೆಯೊಳಗೆ ಒಂದು ಗಾಳಿ ಸೇರಿಕೊಂಡಿತು. ಕೂದಲೆಳೆಯಂಥ ತಂತಿ ಬೆಸೆಯುವವನಿಗೆ ಮನೆಯ ವೈರಿಂಗು ಏನು ಮಹಾ ಅನ್ನುವ ಗಾಳಿ.

ಅವ್ವ ದೋಸೆ ಹಿಟ್ಟು ರುಬ್ಬಿ ಮಾರುತ್ತಾಳೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಮೇಲೆ ಒಂದು ಸಲ ಗ್ರೈಂಡರು ತಿರುಗುತ್ತದೆ. ಸುತ್ತಲಿನ ಎರಡು ಬೀದಿಯ ದೋಸೆ ನಮ್ಮ ಅಡುಗೆಮನೆಯಲ್ಲೇ ಹುಟ್ಟುವುದು. ಕೈ ಯಾವಾಗಲೂ ಒದ್ದೆ, ನೆಲ ಯಾವಾಗಲೂ ಒದ್ದೆ, ಕಾಲು ಬರಿಗಾಲು. ದೇವರ ಗೂಡು ಇರುವುದೂ ಅಡುಗೆಮನೆಯಲ್ಲೇ, ಆದ್ದರಿಂದ ಅಲ್ಲಿ ಚಪ್ಪಲಿಯ ಮಾತೇ ಇಲ್ಲ. ಅಪ್ಪ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟಿನ ಕೆಲಸದವರು, ಅವರೂ ಶೂ ಬಿಚ್ಚಿ ಕಾಲು ತೊಳೆದೇ ಒಳಗೆ ಬರಬೇಕು.

ಈ ಮನೆಗೆ ವೈರಿಂಗ್ ಮಾಡಿದವರು ಟಿ. ನರಸೀಪುರದವರು. ಚಿಕ್ಕವ್ವನ ಮನೆಯ ಹಿಂದಿನ ಬೀದಿ. ಚಿಕ್ಕವ್ವನ ಮನೆ ಕೆಲಸ ಚೆನ್ನಾಗಿ ಮಾಡಿದರು ಅಂತ ಅವ್ವ ಹಟ ಹಿಡಿದು ಅವರನ್ನೇ ಕರೆಸಿದ್ದಳು. ಅವ್ವ ಅವರನ್ನು ಅಣ್ಣ ಅನ್ನುತ್ತಾಳೆ, ಹಾಗಾಗಿ ನನಗೆ ಮಾವ. ವೈರಿಂಗ್ ಮಾವ ಮಾತಾಡುವುದಕ್ಕೆ ಮುಂಚೆ ಗಂಟಲಲ್ಲೇ ಒಂದು ಸಣ್ಣ ಕೆಮ್ಮು ಕೆಮ್ಮುತ್ತಾರೆ. ಆಮೇಲೆ ನಿಧಾನಕ್ಕೆ ಒಂದು ಮಾತು. ಆಮೇಲೆ ಕೇಳುವವನು ಇನ್ನೇನು ಎದ್ದು ಹೋಗಬೇಕು ಅನ್ನುವಷ್ಟು ಉದ್ದದ ಬಿಡುವು. ಕೊನೆಗೆ "ತಿಳೀತಾ". ಈ ದನಿ ನನ್ನ ಬತ್ತಳಿಕೆಯಲ್ಲಿ ಬಹಳ ಚೆಂದ ಕೂತಿತ್ತು. ಒಂದು ಗೃಹಪ್ರವೇಶದಲ್ಲಿ ಅವರ ಎದುರಿಗೇ ಮಾಡಿ ತೋರಿಸಿದ್ದೆ. ಅವರು ನಗಲಿಲ್ಲ. "ಕೆಮ್ಮು ಬೀಡಿ ಕೆಮ್ಮಲ್ಲ ಕಣ್ಲಾ, ಗೋಡೆ ಕೊರೆದ ಧೂಳಿನ ಕೆಮ್ಮು. ಅದನ್ನ ವಸಿ ತೆಳ್ಳಗೆ ಮಾಡು" ಅಂತ ತಿದ್ದಿದ್ದರು. ತಿದ್ದಿಕೊಂಡೆ. ಇನ್ನೂ ಚೆನ್ನಾಯಿತು.

ಈಗ ನನ್ನ ಮೊದಲನೆಯ ಘನಕಾರ್ಯ. ಯುಗಾದಿಗೆ ಮುಂಚೆ ಹಿತ್ತಲ ಗೋಡೆಗೆ ಬಣ್ಣ ಬಳಿಯುತ್ತಿದ್ದೆ. ಮೀಟರ್ ಬೋರ್ಡಿನ ಹಿಂದಿನಿಂದ ಒಂದು ದಪ್ಪ ತಂತಿ ಹೊರಬಂದು, ಗೋಡೆಗುಂಟ ಸಾಗಿ, ಹಿತ್ತಲ ಆ ತುದಿಯಲ್ಲಿ ನೆಲದಿಂದ ಮೇಲೆದ್ದ ಒಂದು ಪೈಪಿಗೆ ಸುತ್ತಿಕೊಂಡಿತ್ತು. ಬ್ರಷ್ಷು ಆಡಿಸುವಾಗೆಲ್ಲ ಅಡ್ಡ. ಟೆಸ್ಟರ್ ಇಟ್ಟು ನೋಡಿದೆ. ದೀಪ ಹತ್ತಲಿಲ್ಲ. ಇನ್ನೊಂದು ಕಡೆ ಇಟ್ಟೆ. ಹತ್ತಲಿಲ್ಲ. ಕರೆಂಟೇ ಬಾರದ ತಂತಿ ಯಾಕೆ ಬೇಕು, ಯಾವುದೋ ಕಾಲದ್ದು ಉಳಿದುಕೊಂಡಿದೆ ಅಂತ ತೀರ್ಮಾನಿಸಿ ಮೇಲೂ ಕೆಳಗೂ ಕತ್ತರಿಸಿದೆ. ಅವ್ವ ಬಟ್ಟೆ ಒಣಹಾಕಲು ಒಂದು ಗಟ್ಟಿ ತಂತಿ ಕಟ್ಟಿಕೊಡು ಅಂತ ಬಹಳ ದಿನದಿಂದ ಕೇಳುತ್ತಿದ್ದಳು. ಅದೇ ತಂತಿಯನ್ನು ಕಾಂಪೌಂಡಿನ ಮೊಳೆಯಿಂದ ನುಗ್ಗೆ ಮರಕ್ಕೆ ಎಳೆದು ಕಟ್ಟಿದೆ. ಅವ್ವ ಮೊದಲ ಸೀರೆ ಹರವಿ, "ಇಂಥದ್ದು ಮಾಡು ಅಂದ್ರೆ ಮಾಡ್ತೀಯ ನೋಡು" ಅಂದಳು. ನಮ್ಮನೆಯಲ್ಲಿ ಹೊಗಳಿಕೆ ಅಪರೂಪ. ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಯುಗಾದಿ ಮುಗಿದು, ಬಿಸಿಲು ಮುಗಿದು, ಮಳೆ ಶುರುವಾದ ಮೇಲೆ ಒಂದು ದಿನ ಅವ್ವ ಅಡುಗೆಮನೆಯಿಂದ ಅಂದಳು, "ಈ ಗ್ರೈಂಡರು ಜುಮ್ ಅಂತದೆ ಕಣ್ಲಾ."

ನಾನು ಹೋಗಿ ಒಂದು ಬೆರಳಿಟ್ಟು ನೋಡಿದೆ. ಏನೂ ಅನ್ನಿಸಲಿಲ್ಲ. ನಾನು ಅಂಗಡಿಯಿಂದ ಆಗ ತಾನೇ ಬಂದವನು, ಕೈ ಒಣಗಿತ್ತು, ಆವತ್ತು ಗಡಿಬಿಡಿಯಲ್ಲಿ ಕಾಲಲ್ಲಿ ಚಪ್ಪಲಿಯೂ ಇತ್ತು. ಅದನ್ನು ನೋಡಿ ಅವ್ವ ಕರೆಂಟಿಗಿಂತ ಜೋರಾಗಿ ಹಾರಿದಳು. ಚಪ್ಪಲಿ ಬಿಡಲು ಹೊರಗೆ ಹೋದವನು ವಿಷಯವನ್ನೂ ಹೊರಗೇ ಬಿಟ್ಟು ಬಂದೆ.

ನಾಲ್ಕು ದಿನ ಬಿಟ್ಟು ಅವ್ವ ಮತ್ತೆ ಹೇಳಿದಳು. "ಗ್ರೈಂಡರು ತಿರುಗ್ತಿರೋವಾಗ ಫ್ರಿಜ್ಜಿನ ಬಾಗ್ಲು ಮುಟ್ಟಿದ್ರೂ ಜುಮ್ ಅಂತದೆ."

"ಗ್ರೈಂಡರು ಫ್ರಿಜ್ಜಿಗೆ ಕಿವೀಲಿ ಹೇಳಿಕೊಡ್ತದೇನೋ" ಅಂದೆ. ಆಮೇಲೆ ಅವ್ವ ಫ್ರಿಜ್ಜು ಮುಟ್ಟಿ ಕೈ ಎಳೆದುಕೊಳ್ಳುವುದನ್ನು ಅಪ್ಪನ ಮುಂದೆ ಮಾಡಿ ತೋರಿಸಿದೆ. ಅಪ್ಪ ನಕ್ಕರು. ಅವ್ವನೂ ನಕ್ಕಳು. ನಗಿಸಿಬಿಟ್ಟರೆ ನಮ್ಮಲ್ಲಿ ವಿಷಯ ಮುಗಿದ ಹಾಗೆಯೇ. ಪಕ್ಕದ ಮನೆಯವರು ಬಂದು ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ರುಬ್ಬು ಅಂದರು. ಅವ್ವ ದೇವರ ಗೂಡಿನ ಕಡೆ ನೋಡಿದಳಷ್ಟೆ. ಚಪ್ಪಲಿ ಬದಲು ಒಂದು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿಕೊಂಡಳು. ನೆಲದ ನೀರು ಕುಡಿದು ಅದೂ ಎರಡು ದಿನಕ್ಕೆ ಒದ್ದೆಯಾಯಿತು.

ಮೂರನೆಯ ಸಲ ಅವ್ವ ಕೇಳಿದ್ದು ಬೇರೆ ರೀತಿ. "ನೀನು ನೋಡ್ಬ್ಯಾಡ. ನರಸೀಪುರದ ಅಣ್ಣಂಗೆ ಒಂದು ಫೋನ್ ಮಾಡು."

ಇದು ನನಗೆ ನಾಟಿತು. ಮನೆಯಲ್ಲೇ ಒಬ್ಬ ಟೆಸ್ಟರ್ ಇಟ್ಟುಕೊಂಡು ಕೂತಿರುವಾಗ ಅಷ್ಟು ದೂರದಿಂದ ಇನ್ನೊಬ್ಬರನ್ನು ಕರೆಸುವುದೇ? ಆವತ್ತೇ ಗ್ರೈಂಡರಿನ ಪ್ಲಗ್ಗು ಬಿಚ್ಚಿದೆ. ಎರಡು ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಹಾಕಿದೆ. ಫೋನಿನ ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಕೆಲವು ಸಲ ಸರಿಹೋಗುತ್ತದಲ್ಲ, ಆ ಬುದ್ಧಿ. ವಿಚಿತ್ರ ಅಂದರೆ ಜುಮ್ ಅನ್ನುವುದು ಕಮ್ಮಿಯಾಯಿತು. ನಾನು ಕೈಕಟ್ಟಿ ನಿಂತೆ. ಅವ್ವ ಮುಟ್ಟಿ ನೋಡಿ, "ಕಮ್ಮಿ ಆಗ್ಯದೆ. ಆದ್ರೂ ಅಣ್ಣಂಗೆ ಒಂದು ಮಾತು ಕೇಳು" ಅಂದಳು.

ಆ "ಆದ್ರೂ" ಕೇಳಿ ನನಗೆ ರೇಗಿತು. ಮಹಡಿಗೆ ಹೋಗಿ, ನೀರಿನ ಟ್ಯಾಂಕಿಗೆ ಒರಗಿ, ಫೋನು ಬಾಯಿ ಹತ್ತಿರ ಹಿಡಿದು ತೆಳ್ಳಗೆ ಒಂದು ಕೆಮ್ಮು ಕೆಮ್ಮಿದೆ.

"ಏನ್ ಕಣವ್ವ, ಚೆನ್ನಾಗಿದ್ದೀಯ. ಮಗ ಎಲ್ಲಾ ಹೇಳ್ದ. ಅದು ಮೋಟ್ರು ಕಾವು ಕಣವ್ವ. ಮಳೆಗಾಲ್ದಲ್ಲಿ ಎಲ್ಲಾ ಮಿಷಿನ್ನೂ ವಸಿ ಜುಮ್ ಅಂತವೆ. ಏನೂ ಆಗಕಿಲ್ಲ. ಕೈ ಒರೆಸ್ಕೊಂಡು ಮುಟ್ಟು. ಆ ಕಡೆ ಬಂದಾಗ ನಾನೇ ನೋಡ್ತೀನಿ, ತಿಳೀತಾ."

ರೆಕಾರ್ಡ್ ಮಾಡಿ, ಕೆಳಗಿಳಿದು, ಮಾವ ವಾಯ್ಸ್ ಮೆಸೇಜ್ ಕಳಿಸಿದ್ದಾರೆ ಅಂತ ಅವ್ವನ ಮುಂದೆ ಹಾಕಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಗೋಡೆಗೆ ಒರಗಿ ನಿಂತು ಕೇಳಿದಳು. ಬಿಡುವು ಬಂದ ಕಡೆಯೆಲ್ಲ ತಲೆಯಾಡಿಸಿದಳು. ಮುಗಿದ ಮೇಲೆ ಅವಳ ಮುಖದಲ್ಲಿ ಒಂದು ಭಾರ ಇಳಿದದ್ದು ನನಗೆ ಚೆನ್ನಾಗಿ ಕಂಡಿತು. ಅದನ್ನು ಕಂಡು ನನಗಾದದ್ದು ನಾಚಿಕೆಯಲ್ಲ. ಬಿಡುವು ಸರಿಯಾಗಿ ಬಿದ್ದಿದೆ ಅನ್ನುವ ಖುಷಿ.

"ಇದನ್ನ ನಿಮ್ ಚಿಕ್ಕವ್ವಂಗೂ ಕಳ್ಸು" ಅಂದಳು ಅವ್ವ. "ಅವಳ ಬಟ್ಟೆ ಒಗೆಯೋ ಮಿಷಿನ್ನೂ ಇಂಗೇ ಅಂತದಂತೆ. ಪಾಪ, ಹೆದರ್ಕೊಂಡು ಅಣ್ಣನ್ನ ಕರೀಬೇಕು ಅಂತಿದ್ಲು."

ಇಲ್ಲಿ ನಾನು ನಿಲ್ಲಿಸಬಹುದಿತ್ತು. ಎರಡು ಕ್ಷಣ ಫೋನು ನೋಡಿದ್ದೂ ನೆನಪಿದೆ. ಆದರೆ ನಿಲ್ಲಿಸಬೇಕಾದರೆ ಯಾಕೆ ಅಂತ ಹೇಳಬೇಕು. ಹೇಳುವುದಕ್ಕಿಂತ ಕಳಿಸುವುದು ಸುಲಭವಾಗಿತ್ತು. ಕಳಿಸಿದೆ.

ಆಮೇಲೆ ಒಂದು ವಾರ. ಆ ಬೆಳಿಗ್ಗೆ ನಾನು ಮುಂದಿನ ಕೋಣೆಯಲ್ಲಿ ಅಂಗಡಿಗೆ ಹೊರಡಲು ತಲೆ ಬಾಚುತ್ತಿದ್ದೆ. ಗ್ರೈಂಡರಿನ ಸದ್ದು ನಿಂತಿತು. ಅವ್ವ ಗ್ರೈಂಡರಿನ ಸ್ವಿಚ್ಚು ಆರಿಸಿ ಹಿಟ್ಟು ಬಳಿಯುತ್ತಿದ್ದಾಳೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಅವಳು "ಅಯ್ಯವ್ವ" ಅಂದಳು. ಗಿಡ್ಡನೆಯ, ಗಂಟಲಲ್ಲಿ ಕಡಿದ ದನಿ. ಪಾತ್ರೆ ಬಿದ್ದ ಸದ್ದು.

ನಾನು ಏನು ಮಾಡಿದೆ ಗೊತ್ತೆ? ಕನ್ನಡಿ ನೋಡುತ್ತಲೇ ಅದೇ ದನಿಯಲ್ಲಿ, ಅಷ್ಟೇ ಗಿಡ್ಡಕ್ಕೆ, "ಅಯ್ಯವ್ವ" ಅಂದೆ. ಅಭ್ಯಾಸ. ಯಾವ ಸದ್ದು ಬಂದರೂ ತಿರುಗಿ ಎಸೆಯುವ ಅಭ್ಯಾಸ. ಉತ್ತರವಾಗಿ ಒಂದು ಬೈಗುಳ ಬರಬೇಕಿತ್ತು, ಯಾವಾಗಲೂ ಬರುತ್ತದೆ. ಬರಲಿಲ್ಲ.

ಹೋಗಿ ನೋಡಿದರೆ ಅವ್ವ ಅಕ್ಕಿ ಮೂಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಬೇರೆ ಯಾರದೋ ಕೈ ಹಿಡಿದುಕೊಂಡ ಹಾಗೆ. ಸುತ್ತ ಹಿಟ್ಟು ಚೆಲ್ಲಿತ್ತು. ಕಣ್ಣು ತೆರೆದೇ ಇದ್ದವು, ನನ್ನನ್ನು ನೋಡುತ್ತಿದ್ದವು, ಆದರೆ ಬಾಯಿ ಏನೋ ಹೇಳಲು ಹೋಗಿ ನಿಂತಿತ್ತು. ಏಟು ಅವಳನ್ನು ಹಿಂದಕ್ಕೆ ತಳ್ಳಿತ್ತು. ತಳ್ಳದೆ ಹಿಡಿದುಕೊಂಡಿದ್ದರೆ ಅನ್ನುವ ಯೋಚನೆಯನ್ನು ಈಗಲೂ ಪೂರ್ತಿ ಮಾಡಲು ನನಗೆ ಆಗುವುದಿಲ್ಲ. ಓಡಿ ಬೋರ್ಡಿನ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತೆ.

ಸ್ವಲ್ಪ ಹೊತ್ತಿಗೆ ಮಾತು ಬಂತು. ಮೊದಲ ಮಾತು, "ಆಫ್ ಮಾಡಿದ್ನಲ್ಲೋ." ಎರಡನೆಯದು, "ಅಣ್ಣಂಗೆ ಫೋನ್ ಮಾಡು. ಏನೂ ಆಗಕಿಲ್ಲ ಅಂದಿದ್ರಲ್ಲ, ಇದ್ಯಾಕ್ ಇಂಗಾಯ್ತು ಕೇಳು."

ಹೊರಗೆ ಬಂದು ಫೋನು ಮಾಡಿದೆ. ಅವರು ಎತ್ತಿದರು. ಕೆಮ್ಮು ಇಲ್ಲ.

"ಮಾವ, ನಾನು ನಂಜನಗೂಡಿಂದ."

"ಯಾರ ದನೀಲಿ ಮಾತಾಡ್ತಾ ಇದ್ದೀಯ?"

"ನಂದೇ ಮಾವ."

"ನಿಮ್ ಚಿಕ್ಕವ್ವ ಆ ಮೆಸೇಜನ್ನ ಅವಳ ಹೆಂಗಸ್ರ ಸಂಘದ ಗ್ರೂಪಿಗೆ ಹಾಕವಳೆ. ಆ ಸಂಘದಲ್ಲಿ ನನ್ ಹೆಂಡ್ತಿನೂ ಅವಳೆ. ಇವತ್ತು ಬೆಳಿಗ್ಗೆ ಕೇಳ್ಸಿದ್ಲು. ಸ್ನಾನ ಮಾಡ್ಕೊಂಡು ನಿನ್ ತಾವ್ಕೇ ಬರಾನ ಅಂತಿದ್ದೆ."

ನಡೆದದ್ದು ಹೇಳಿದೆ. ಒಂದು ಬಿಡುವು ಬಂತು. ಈ ಬಿಡುವನ್ನು ನಾನು ಯಾವತ್ತೂ ಮಾಡಿ ತೋರಿಸಿಲ್ಲ, ತೋರಿಸುವುದೂ ಇಲ್ಲ. ಆಮೇಲೆ ಅವರು ಹೇಳಿದ್ದು ಇಷ್ಟು: ಮೇನ್ ಸ್ವಿಚ್ಚು ಕೆಳಗೆ ಹಾಕು. ಗ್ರೈಂಡರು, ಫ್ರಿಜ್ಜು, ಯಾವುದನ್ನೂ ಯಾರೂ ಮುಟ್ಟಬೇಡಿ. ಅವ್ವನನ್ನು ಈಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಚೆನ್ನಾಗಿದ್ದೀನಿ ಅಂದರೂ ಕೇಳಬೇಡ, ಕರೆಂಟು ಹೊಡೆದದ್ದು ಎದೆಗೆ ಹೋಗಿದ್ದರೆ ಮೇಲೆ ಕಾಣುವುದಿಲ್ಲ.

ಅವ್ವ ಬರುವುದಿಲ್ಲ ಅಂದಳು. ಅಣ್ಣ ಹೇಳಿದ್ದಾರೆ ಅಂದೆ. "ಇದನ್ನಾದ್ರೂ ಅವರೇ ಹೇಳಿದ್ರಾ?" ಅಂತ ಅವಳು ಕೇಳಲಿಲ್ಲ, ಅವಳಿಗೆ ಇನ್ನೂ ಗೊತ್ತಿರಲಿಲ್ಲ. ನಾನೇ ಕೇಳಿಕೊಂಡೆ. ಡಾಕ್ಟರು ಎದೆಗೆ ವೈರು ಅಂಟಿಸಿ ಕಾಗದದ ಮೇಲೆ ಗೆರೆ ತೆಗೆದು ನೋಡಿ, ಏನೂ ತೊಂದರೆಯಿಲ್ಲ, ಎರಡು ದಿನ ಕೈ ನೋಯುತ್ತದೆ ಅಂದರು.

ನಾವು ವಾಪಸು ಬರುವಷ್ಟರಲ್ಲಿ ಮಾವನ ಗಾಡಿ ಮನೆ ಮುಂದೆ ನಿಂತಿತ್ತು. ಅವರು ಹಿತ್ತಲಿನಲ್ಲಿದ್ದರು. ಬಣ್ಣ ಬಳಿದ ಗೋಡೆಯ ಮೇಲೆ ಗಿಡ್ಡಗೆ ಚಾಚಿಕೊಂಡಿದ್ದ ತಂತಿಯ ತುಂಡನ್ನು ಮುಟ್ಟಿ ನೋಡುತ್ತಿದ್ದರು. ಅದಕ್ಕೂ ನಾನು ನೀಟಾಗಿ ಬಣ್ಣ ಬಳಿದಿದ್ದೆ. ಅಲ್ಲಿಂದ ಪೈಪಿನ ಕಡೆ ನೋಡಿದರು. ಪೈಪಿನಿಂದ ನುಗ್ಗೆ ಮರದ ಕಡೆ ನೋಡಿದರು. ತಂತಿಯ ಮೇಲೆ ಅಪ್ಪನ ಎರಡು ಬನಿಯನ್ನು, ಅವ್ವನ ಒಂದು ಸೀರೆ.

"ಬಟ್ಟೆ ಒಣಗಾಕಕ್ಕೆ ನೈಲಾನ್ ಹಗ್ಗ ಸಿಕ್ಕಕಿಲ್ವಾ ನಂಜನಗೂಡಲ್ಲಿ?" ಅಂದರು.

"ಅದ್ರಲ್ಲಿ ಕರೆಂಟ್ ಇರ್ಲಿಲ್ಲ ಮಾವ. ಟೆಸ್ಟರ್ ಹಾಕಿ ನೋಡಿದ್ದೆ."

"ಇರ್ಬಾರ್ದು ಕಣ್ಲಾ. ಅದು ಬರೋ ದಾರಿ ಅಲ್ಲ, ಓಗೋ ದಾರಿ. ಮಿಷಿನ್ ಒಳಗೆ ಎಲ್ಲಾದ್ರೂ ಸೋರಿದ್ರೆ ಆ ಕರೆಂಟು ಈ ತಂತಿ ಹಿಡ್ಕೊಂಡು ಮಣ್ಣಿಗೆ ಓಗ್ಬುಡದು. ನೀನು ದಾರಿ ಕಿತ್ತು ಸೀರೆ ನೇತಾಕಿದ್ದೀಯ. ಅದು ಎಲ್ಲಿಗೆ ಓಗ್ಬೇಕು? ಫ್ರಿಜ್ಜಿಗೂ ಇದೇ ತಂತಿ, ಅದ್ಕೇ ಫ್ರಿಜ್ಜಿಗೂ ಹತ್ಕೊಂತದೆ. ಅಲ್ಲಿಂದ್ಲೂ ಇಳಿಯಕ್ಕೆ ಜಾಗ ಇಲ್ದಾಗ, ಬರಿಗಾಲಲ್ಲಿ ಯಾರ್ ನಿಂತಿದ್ರೋ ಅವರ ಮೈಯೇ ದಾರಿ."

ಒಳಗೆ ಬಂದು ಪ್ಲಗ್ಗು ಬಿಚ್ಚಿದರು. ಅದಲುಬದಲಾದ ವೈರು ನೋಡಿದರು. ಇದನ್ನು ಅವರು ನಿಧಾನಕ್ಕೆ, ಬೈಯದೆ ವಿವರಿಸಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ವೈರು ಬದಲಿಸಿದ್ದರಿಂದ ಗ್ರೈಂಡರು ತಿರುಗುವಾಗ ಸೋರಿಕೆ ಕಮ್ಮಿ ಕಾಣುತ್ತದೆ. ಆದರೆ ಗ್ರೈಂಡರಿನ ಸ್ವಿಚ್ಚು ಈಗ ಬರುವ ಕರೆಂಟನ್ನು ತಡೆಯುವುದಿಲ್ಲ, ವಾಪಸು ಹೋಗುವುದನ್ನು ತಡೆಯುತ್ತದೆ. ಅಂದರೆ ಆಫ್ ಮಾಡಿದ ಮೇಲೂ ಕರೆಂಟು ಒಳಗೇ ತುಂಬಿ ನಿಂತಿರುತ್ತದೆ. ಅಷ್ಟು ದಿನ ಬೋರ್ಡಿನ ಸ್ವಿಚ್ಚನ್ನೂ ಆರಿಸುತ್ತಿದ್ದ ಅವ್ವ ಅವತ್ತು ಗ್ರೈಂಡರಿನದನ್ನಷ್ಟೇ ಆರಿಸಿ ಧೈರ್ಯವಾಗಿ, ಎರಡೂ ಒದ್ದೆ ಕೈ ಹಾಕಿದ್ದಳು.

ಅವ್ವ ಬಾಗಿಲಲ್ಲಿ ಕೂತು ಎಲ್ಲ ಕೇಳುತ್ತಿದ್ದಳು. ಸಂಕೋಚದಿಂದಲೇ ಕೇಳಿದಳು, "ಆದ್ರೆ ಅಣ್ಣ, ನೀವೇ ಏನೂ ಆಗಕಿಲ್ಲ ಅಂದಿದ್ರಲ್ಲ."

ಮಾವ ಸ್ಕ್ರೂಡ್ರೈವರು ಕೆಳಗಿಟ್ಟು ನನ್ನ ಮುಖ ನೋಡಿದರು. ಹೇಳುವಷ್ಟು ಹೊತ್ತು ಕೊಟ್ಟರು. ನಾನು ಹೇಳಿದೆ. ನನ್ನ ದನಿ ನನಗೇ ಯಾರದೋ ಕೆಟ್ಟ ಮಿಮಿಕ್ರಿಯ ಹಾಗೆ ಕೇಳಿಸಿತು. ಅವ್ವ ಎದ್ದು, ಮಾವನಿಗೆ ಕಾಫಿ ಮಾಡಲು ಹೋದಳು. ಮೇನ್ ಆಫ್ ಆಗಿ ಕತ್ತಲಾಗಿದ್ದ ಅಡುಗೆಮನೆಯಲ್ಲಿ, ನೋಯುವ ಕೈಯಲ್ಲೇ, ಎಡವದೆ ಸಕ್ಕರೆ ಡಬ್ಬ ತೆಗೆದಳು.

ಅವತ್ತು ಮಾವ ಹೊಸ ತಂತಿ ಎಳೆದರು. ಕರೆಂಟು ಮಣ್ಣಿಗೆ ಸಲೀಸಾಗಿ ಇಳಿಯಲಿ ಅಂತ ಪೈಪಿನ ಸುತ್ತ ಅಗೆದು ಇದ್ದಿಲು, ಉಪ್ಪು ತುಂಬಿದರು. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಒಂದು ಸ್ವಿಚ್ಚನ್ನು ಬೋರ್ಡಿಗೆ ಕೂರಿಸಿ, ಅದರ ಗುಂಡಿಯನ್ನು ಅವ್ವನ ಕೈಯಲ್ಲೇ ಒತ್ತಿಸಿ ಪರೀಕ್ಷೆ ಮಾಡಿಸಿದರು. ತಿಂಗಳಿಗೊಮ್ಮೆ ನೀನೇ ಒತ್ತಿ ನೋಡಬೇಕು, ಮಗನ ಕೈಗೆ ಬಿಡಬೇಡ ಅಂದರು. ಗ್ರೈಂಡರನ್ನು ಮೋಟರು ಸುತ್ತುವವರ ಹತ್ತಿರ ಕಳಿಸಿದರು. ಹೊರಡುವಾಗ ಗಾಡಿ ಮೇಲೆ ಕೂತು ನನ್ನನ್ನು ಕರೆದರು.

"ನಿಮ್ಮನೇದು ಆಯ್ತು. ನಮ್ಮೂರಲ್ಲಿ ಅಷ್ಟೊಂದು ಹೆಂಗಸ್ರು ನನ್ ಮಾತು ಕೇಳ್ಕೊಂಡು ಒದ್ದೆ ಕೈಲಿ ಮಿಷಿನ್ ಮುಟ್ತಾವ್ರೆ. ಯಾರಿಗಾದ್ರೂ ಏನಾದ್ರೂ ಆದ್ರೆ ಅದು ನನ್ ಬಾಯಿಂದ ಆದಂಗೆ. ಅದನ್ನ ಅಳಿಸು."

ಅಳಿಸುವುದು ಸುಲಭ ಅಂದುಕೊಂಡಿದ್ದೆ. ನನ್ನ ಸ್ವಂತ ದನಿಯಲ್ಲಿ, ಆ ಮೆಸೇಜು ಮಾಡಿದವನು ನಾನು, ಮಾವನಲ್ಲ, ಜುಮ್ ಅಂದರೆ ಮುಟ್ಟಬೇಡಿ ಅಂತ ಹೇಳಿ ಚಿಕ್ಕವ್ವನ ಗ್ರೂಪಿಗೆ ಹಾಕಿಸಿದೆ. ನಗುವ ಮುಖಗಳು ಸಾಲಾಗಿ ಬಂದವು. ಮದುವೆ ಮನೆಯಲ್ಲಿ ಮಾಡ್ತಾನಲ್ಲ, ಆ ಹುಡುಗನ ಹೊಸ ಐಟಂ ಅಂತ ಯಾರೋ ಬರೆದರು. ಸರಿ, ಮಾವನೇ ತಮ್ಮ ದನಿಯಲ್ಲಿ, ಕೆಮ್ಮು ಬಿಡುವು ಸಮೇತ, ಹೇಳಿ ಕಳಿಸಿದರು. ಅದಕ್ಕೆ ಬಂದ ಉತ್ತರ ಇನ್ನೂ ಚೆನ್ನಾಗಿತ್ತು. ಇದೂ ಆ ಹುಡುಗನೇ, ಮೊದಲಿನದೇ ವಾಸಿ, ಇದರಲ್ಲಿ ಕೆಮ್ಮು ಸರಿ ಬಂದಿಲ್ಲ.

ಮಾವ ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದರು. ನಾನು ನಗು ತಡೆದುಕೊಂಡೆ. ಅವರಿಗೆ ನಗು ಬರಲಿಲ್ಲ. "ಭಾನುವಾರ ಬಾ" ಅಂದರು.

ಭಾನುವಾರ ಬಸ್ಸಿನಲ್ಲಿ ಹೋದೆ. ಮೊದಲು ಚಿಕ್ಕವ್ವನ ಮನೆ. ಅವಳ ಬಟ್ಟೆ ಒಗೆಯುವ ಮಿಷಿನ್ನಿನ ಪ್ಲಗ್ಗಿನಲ್ಲಿ ಸೋರಿದ ಕರೆಂಟನ್ನು ಮಣ್ಣಿಗೆ ದಾಟಿಸುವ ದಪ್ಪ ಪಿನ್ನೇ ಇರಲಿಲ್ಲ. ಎರಡು ತೂತಿನ ಎಕ್ಸ್‌ಟೆನ್ಷನ್ನಿಗೆ ಹಿಡಿಸಲಿಲ್ಲ ಅಂತ ಮುರಿದು ಹಾಕಿದ್ದರು. ಚಿಕ್ಕವ್ವ ಒಂದೇ ಉಸಿರಿನಲ್ಲಿ ನನ್ನನ್ನು ಬೈದು, ಅತ್ತು, ಉಪ್ಪಿಟ್ಟು ಕೊಟ್ಟಳು. ಆಮೇಲೆ ಸಂಘದವರ ಮನೆಗಳು, ಒಂದಾದ ಮೇಲೊಂದು. ಮಾವ ಮುಂದೆ, ಅವರ ಚೀಲ ಹೊತ್ತುಕೊಂಡು ನಾನು ಹಿಂದೆ. ಪ್ರತಿ ಹೊಸಿಲಲ್ಲೂ ನನ್ನ ಪಾತ್ರ ಒಂದೇ. ಮಾವನ ಪಕ್ಕದಲ್ಲಿ ನಿಂತು, ಅವತ್ತಿನ ಎರಡು ಸಾಲನ್ನು ಅವರ ದನಿಯಲ್ಲಿ ಹೇಳಿ ತೋರಿಸಬೇಕು. ಒಂದೇ ದನಿಯ ಎರಡು ಬಾಯಿ ಎದುರಿಗೆ ಕಂಡಾಗ ಜನ ನಂಬಿದರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಮಾಡಿ ಅಷ್ಟು ಅವಮಾನವಾದ ಪ್ರದರ್ಶನ ಇನ್ನೊಂದಿಲ್ಲ.

ಆ ಮನೆಗಳಲ್ಲಿ ನಾನು ಕಂಡದ್ದು ಮರೆಯುವ ಹಾಗಿಲ್ಲ. ಒಂದು ಮನೆಯಲ್ಲಿ ಫ್ರಿಜ್ಜಿನ ಮುಂದೆಯೇ ಒಂದು ಜೊತೆ ಹವಾಯಿ ಚಪ್ಪಲಿ, ಅದಕ್ಕೆ ಫ್ರಿಜ್ಜಿನ ಚಪ್ಪಲಿ ಅಂತಲೇ ಹೆಸರು. ಇನ್ನೊಂದು ಮನೆಯಲ್ಲಿ ಗೀಸರಿನ ನಲ್ಲಿಗೆ ಬಟ್ಟೆ ಸುತ್ತಿದ್ದರು. ಒಬ್ಬ ಅಜ್ಜಿ ಮೋಟರಿನ ಸ್ವಿಚ್ಚು ಹಾಕಲು ಬಾಗಿಲ ಹಿಂದೆ ಒಂದು ಕೋಲು ಇಟ್ಟುಕೊಂಡಿದ್ದರು, ಹಿಡಿದು ಹಿಡಿದು ಅದು ನುಣ್ಣಗಾಗಿತ್ತು. ಸ್ವಿಚ್ಚು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಫ್ಯೂಸು ವಾರಕ್ಕೆರಡು ಸಲ ಹೋಗುತ್ತದೆ ಅನ್ನುವುದನ್ನೆಲ್ಲ ಮನೆಯಲ್ಲಿ ಒಬ್ಬ ಮುಂಗೋಪಿ ಇರುವ ಹಾಗೆ, ಅವನ ಸ್ವಭಾವವೇ ಹೀಗೆ ಅನ್ನುವ ಹಾಗೆ ಹೇಳುತ್ತಿದ್ದರು. ಯಾರೂ ರಿಪೇರಿ ಮಾಡಿಸಿರಲಿಲ್ಲ. ಎಲ್ಲರೂ ಹೊಂದಿಕೊಂಡಿದ್ದರು. ಹೊಂದಿಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. ಯಾಕೆ ಯಾರನ್ನೂ ಕರೆಸಲಿಲ್ಲ ಅಂದರೆ, ಮನೆಯವರಿಗೆ ಹೇಳಿದೆ, ಅವರು ಮುಟ್ಟಿದಾಗ ಏನೂ ಆಗಲಿಲ್ಲವಂತೆ ಅನ್ನುತ್ತಿದ್ದರು.

ಮಾವ ಪ್ರತಿ ಮನೆಯಲ್ಲೂ ಅದೇ ಮಾತು ಹೇಳಿದರು. ಬಲ್ಬು ಬದಲಾಯಿಸಿ, ಬೇಡ ಅನ್ನಲ್ಲ. ಜುಮ್ ಅಂತು, ವಾಸನೆ ಬಂತು, ಬಿಸಿ ಆಯ್ತು ಅಂದರೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಕೆಲಸ ಗೊತ್ತಿರುವವರನ್ನು ಕರೆಸಿ. ಅವರು ಬರುವ ತನಕ ಆ ಮಿಷಿನ್ನು ಇಲ್ಲ ಅಂದುಕೊಳ್ಳಿ.

ಸಂಜೆ ಮನೆಗೆ ಬಂದಾಗ ಅವ್ವ ರುಬ್ಬುತ್ತಿದ್ದಳು. ಗ್ರೈಂಡರು ಅವತ್ತೇ ವಾಪಸು ಬಂದಿತ್ತು. ಮಾವನ ಎದುರು ನಾನು ಎಲ್ಲ ಒಪ್ಪಿಕೊಂಡ ಆ ದಿನದಿಂದ ಅವಳು ನನಗೆ ಊಟ ಹಾಕಿದ್ದಳು, ಬಟ್ಟೆ ಒಗೆದಿದ್ದಳು, ಈ ವಿಷಯ ಮಾತ್ರ ಎತ್ತಿರಲಿಲ್ಲ. ಬೈಗುಳಕ್ಕೆ ಕಾದು ಕಾದು ನನಗೇ ಸುಸ್ತಾಗಿತ್ತು. ನರಸೀಪುರದಲ್ಲಿ ಅಷ್ಟು ಮನೆ ಸುತ್ತಿ ಬಂದ ಪುಣ್ಯ ಬೇರೆ ಜೊತೆಗಿತ್ತು. ಬಾಗಿಲಿಗೆ ಒರಗಿ ನಿಂತು ನಾನೇ ಶುರು ಮಾಡಿದೆ.

"ಬೇಕು ಅಂತ ಮಾಡಿದ್ದಲ್ಲ ಅವ್ವ. ನನ್ ದನೀಲಿ ಏನ್ ಹೇಳಿದ್ರೂ ನೀನು ನಂಬಲ್ಲ. ಅದ್ಕೇ ಮಾವನ ದನೀಲಿ ಹೇಳ್ದೆ."

ಅವ್ವ ಸ್ವಿಚ್ಚು ಆರಿಸಿದಳು. ಪ್ಲಗ್ಗು ಕಿತ್ತಳು. ಹಿಟ್ಟಿನೊಳಗೆ ಕೈ ಹಾಕಿ, ನನ್ನ ಕಡೆ ನೋಡದೆ ಅಂದಳು:

"ಜುಮ್ ಅಂತದೆ ಅಂತ ನಾನು ನಿಂಗೆ ಎಷ್ಟ್ ಸಲ ಹೇಳ್ದೆ, ನನ್ ದನೀಲೇ ಕಣ್ಲಾ. ಅದನ್ನ ನೀನ್ ಯಾಕ್ ನಂಬ್ನಿಲ್ಲ?"